ಉತ್ಕರ್ಷಣ ನಿರೋಧಕ: ಹುಳಿಗೂ ಇದಕ್ಕೂ ನಂಟಿಲ್ಲ

ಕಕ್ಕಡ ತಿಂಗಳ ಹದಿನೆಂಟು ಬಂತೆಂದರೆ ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪು ಕುದಿಯುತ್ತದೆ, ಪಾಯಸ ನೇರಳೆಯಾಗುತ್ತದೆ. ಅದರ ಹಿಂದೆಯೇ ಫೋನಿಗೆ ಸಂದೇಶ: ‘ಮದ್ದುಸೊಪ್ಪಿನಲ್ಲಿ ಆಮ್ಲ ನಿರೋಧಕ ಇದೆ, ಮೆದುಳಿನ ಕೋಶಗಳಿಗೆ ಒಳ್ಳೆಯದು.’ ಈ ಸಲ ನಾಲ್ಕು ಗುಂಪುಗಳಲ್ಲಿ ಬಂತು. ಇನ್ನು ಸುಮ್ಮನಿರಲಾರೆ.

ಆಮ್ಲ ನಿರೋಧಕ ಎಂದರೆ ಆಂಟಾಸಿಡ್. ಪಂದಿಕರಿಗೆ ಕಾಚಂಪುಳಿ ಜಾಸ್ತಿಯಾಗಿ ಎದೆ ಉರಿದಾಗ ನುಂಗುವ ಮಾತ್ರೆ. ಆಂಟಿಆಕ್ಸಿಡೆಂಟ್ ಬೇರೆ, ಅದು ಉತ್ಕರ್ಷಣ ನಿರೋಧಕ, ಅಂದರೆ ಆಕ್ಸಿಡೇಶನ್ ತಡೆಯುವಂಥದ್ದು. ಈ ಗೊಂದಲಕ್ಕೆ ಮೂಲಪುರುಷ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆ. ನಾವು ಉಸಿರಾಡುವ ಅನಿಲ ಆಮ್ಲಗಳಲ್ಲೆಲ್ಲ ಇದ್ದೇ ಇರುತ್ತದೆಂದು ನಂಬಿ 18ನೇ ಶತಮಾನದಲ್ಲಿ ಅದಕ್ಕೆ ‘ಆಮ್ಲ ಹುಟ್ಟಿಸುವುದು’ ಎಂಬರ್ಥದ ಗ್ರೀಕ್ ಮೂಲದ ಹೆಸರಿಟ್ಟ, ಆಕ್ಸಿಜನ್. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಉಳಿಯಿತು, ನಾವು ಅದನ್ನೇ ಆಮ್ಲಜನಕ ಮಾಡಿಕೊಂಡೆವು.

‘ಉತ್ಕರ್ಷ ಎಂದರೆ ಏಳಿಗೆಯಲ್ಲವೇ, ಏಳಿಗೆಯನ್ನು ಯಾಕೆ ತಡೆಯಬೇಕು?’ ಎನ್ನುವ ಜಾಣರೂ ಇದ್ದಾರೆ. ಧಾತು ಕೃಷ್, ಎಳೆಯುವುದು. ನೇಗಿಲೆಳೆಯುವ ಕೃಷಿ, ಆಕರ್ಷಣೆ, ವಿಕರ್ಷಣೆ ಎಲ್ಲ ಅದೇ ಮನೆತನ. ಮೇಲಕ್ಕೆ ಎಳೆದದ್ದು ಉತ್ಕರ್ಷ. ಎಳೆದು ತೆಗೆದದ್ದೂ ಉತ್ಕರ್ಷಣವೇ. ರಸಾಯನಶಾಸ್ತ್ರದಲ್ಲಿ ಎಳೆದೊಯ್ಯುವುದು ಎಲೆಕ್ಟ್ರಾನನ್ನು. ಎಣ್ಣೆ ಸವರದೆ ಕೊಟ್ಟಿಗೆಯಲ್ಲಿ ಬಿಟ್ಟ ಕತ್ತಿ ಮಳೆಗಾಲ ಮುಗಿಯುವಷ್ಟರಲ್ಲಿ ಕೆಂಪು ಹುಡಿ ಉದುರಿಸುತ್ತದಲ್ಲ, ಅಲ್ಲಿ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡಿದೆ.

ಇನ್ನು ಮೆದುಳು. ದೇಹದ ತೂಕದಲ್ಲಿ ಅದರ ಪಾಲು ಸುಮಾರು 2%, ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20%. ಇಷ್ಟು ಉರಿಸಿದರೆ ಕಿಡಿ ಹಾರದೇ ಇರುತ್ತದೆಯೇ? ನರಕೋಶದ ಸ್ವಂತ ಕಾವಲು ತೆಳು, ಅದನ್ನು ಸಲಹುವುದು ಪಕ್ಕದ ಆಸ್ಟ್ರೋಸೈಟ್ ಎಂಬ ಸಹಾಯಕ ಕೋಶ. ಅಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನಿದೆ. ಮಾಮೂಲು ದಿನಗಳಲ್ಲಿ ಕೀಪ್1 ಎಂಬ ಇನ್ನೊಂದು ಪ್ರೋಟೀನು ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತಲೇ ಇರುತ್ತದೆ. ಉತ್ಕರ್ಷಣದ ಒತ್ತಡ ಏರಿದಾಗ ಕೀಪ್1ನ ಗಂಧಕವಿರುವ ಭಾಗಗಳೇ ಮೊದಲು ಪೆಟ್ಟು ತಿನ್ನುತ್ತವೆ, ಹಿಡಿತ ಸಡಿಲುತ್ತದೆ. ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಕೋಶದ ಸ್ವಂತ ಉತ್ಕರ್ಷಣ ನಿರೋಧಕವಾದ ಗ್ಲುಟಾಥಯೋನ್ ತಯಾರಿ ಹೆಚ್ಚುತ್ತದೆ. ಆಸ್ಟ್ರೋಸೈಟ್ ಅದನ್ನು ಹೊರಗೆ ಬಿಡುತ್ತದೆ, ಅದು ಅಲ್ಲೇ ಒಡೆಯುತ್ತದೆ, ಸಿಕ್ಕಿದ ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ ನರಕೋಶ ತನ್ನ ಗ್ಲುಟಾಥಯೋನನ್ನು ತಾನೇ ಮಾಡಿಕೊಳ್ಳುತ್ತದೆ. ನೆರೆಮನೆಯಿಂದ ಅಕ್ಕಿ ತಂದು ಅನ್ನ ಮಾತ್ರ ತಾನೇ ಬೇಯಿಸಿಕೊಂಡ ಹಾಗೆ.

ಸೊಪ್ಪಿನ ರಸ ಗಾಜಿನ ಕೊಳವೆಯಲ್ಲಿ ಉತ್ಕರ್ಷಣ ತಡೆದರೆ ತಡೆಯಲಿ. ತಿಂದದ್ದು ಕರುಳು, ಯಕೃತ್ತು ದಾಟಿ, ರಕ್ತಕ್ಕೂ ಮೆದುಳಿಗೂ ನಡುವಿನ ತಡೆಯನ್ನೂ ದಾಟಿದರೆ ತಾನೇ ಮೆದುಳಿನ ಮಾತು?

ಪಾಯಸ ಎರಡು ಬಟ್ಟಲು ನಾನೂ ತಿಂದೆ. ಮರುದಿನ ಮೂತ್ರ ಕೆಂಪಗಾಗುವುದು ಇಲ್ಲಿ ಮಕ್ಕಳಿಗೂ ಗೊತ್ತು, ಸೊಪ್ಪಿನ ಬಣ್ಣ. ಅದಕ್ಕೂ ಗುಂಪಿನಲ್ಲಿ ವಿವರಣೆ ಬಂತು: ‘ಮೆದುಳಿನ ಆಮ್ಲ ಹೊರಗೆ ಹೋಗುತ್ತಿದೆ.’