ಕೊನೆ ಸೀನು ಬೆಳಿಗ್ಗೆ, ಮೊದಲ ಸೀನು ಮಧ್ಯಾಹ್ನ: ಸೆಟ್‌ನಲ್ಲಿ ಯಾರ ಕೆಲಸ ಏನು?

ತಿಪಟೂರು ಕಡೆಯ ಒಂದು ತೆಂಗಿನ ತೋಟ ಅಂದುಕೊಳ್ಳಿ. ಅಪ್ಪ ಒಣಗಿದ ಕಾಯಿ ಸುಲಿಯುತ್ತಾ ನಿಂತಿದ್ದಾನೆ. ಮಗಳು ಬಂದು, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಸೋಮವಾರ ಸೇರಬೇಕು ಅನ್ನುತ್ತಾಳೆ. ಅಪ್ಪ ತಲೆ ಎತ್ತೋದಿಲ್ಲ. ಇನ್ನೊಂದು ಕಾಯಿ ಸುಲಿದು ಹಾಕಿ, "ಊಟ ಮಾಡ್ದೇನವ್ವ?" ಅಂತ ಕೇಳುತ್ತಾನೆ. ಅಷ್ಟೇ ಸೀನು. ಬರೆದರೆ ಎರಡು ಪುಟ, ತೆರೆ ಮೇಲೆ ಹೆಚ್ಚುಕಡಿಮೆ ಎರಡು ನಿಮಿಷ. ತೆಗೆಯೋಕೆ ಮಾತ್ರ ಅರ್ಧ ದಿನ ಬೇಕು, ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ.

ನಾನು ಸಹ ನಿರ್ದೇಶಕ, ತುಮಕೂರಿನವನು. ನಮ್ಮ ಕಡೆಯ ಕಾಲೇಜು ಹುಡುಗರು ಆಗಾಗ ಕಿರುಚಿತ್ರ ಮಾಡಿ ಕಳಿಸುತ್ತಾರೆ. ಕ್ಯಾಮೆರಾ ಕೆಲಸ ಚೆನ್ನಾಗಿಯೇ ಇರುತ್ತದೆ. ಟೈಟಲ್ ಕಾರ್ಡ್ ನೋಡಿದರೆ ಕತೆ, ಚಿತ್ರಕತೆ, ಸಂಭಾಷಣೆ, ಸಂಕಲನ, ನಿರ್ದೇಶನ ಎಲ್ಲಾ ಒಬ್ಬನದೇ ಹೆಸರು. "ಸಾರ್, ದೊಡ್ಡ ಸಿನಿಮಾದಲ್ಲಿ ಇಷ್ಟೊಂದು ಜನ ಯಾಕೆ ಬೇಕು? ಯಾರು ಏನು ಮಾಡ್ತಾರೆ?" ಅಂತ ಕೇಳುತ್ತಾರೆ. ಹೆಸರುಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಇಷ್ಟು ವಿಭಾಗಗಳು ಹುಟ್ಟಿಕೊಂಡಿದ್ದಕ್ಕೆ ನನಗೆ ಕಾಣೋ ಮುಖ್ಯ ಕಾರಣ ಒಂದೇ. ಸಿನಿಮಾವನ್ನು ಕತೆಯ ಕ್ರಮದಲ್ಲಿ ತೆಗೆಯೋದಿಲ್ಲ. ಚೂರುಚೂರಾಗಿ, ಹಿಂದುಮುಂದಾಗಿ ತೆಗೆಯುತ್ತಾರೆ. ಆ ಚೂರುಗಳು ಕೊನೆಗೆ ಒಂದಕ್ಕೊಂದು ಕೂಡಬೇಕು. ಕೂಡೋ ಹಾಗೆ ನೋಡಿಕೊಳ್ಳೋದೇ ಸೆಟ್‌ನಲ್ಲಿರುವ ಹೆಚ್ಚಿನವರ ಕೆಲಸ.

ನಾಟಕದಲ್ಲಿ ಈ ತಲೆನೋವಿಲ್ಲ. ನಮ್ಮ ಜಿಲ್ಲೆಯ ಗುಬ್ಬಿ ಕಂಪನಿಯನ್ನೇ ನೋಡಿ. 1884ರಲ್ಲಿ ಶುರುವಾದ ಕಂಪನಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದಿತು. ಎಷ್ಟೇ ದೊಡ್ಡ ನಾಟಕ ಆಗಲಿ, ಪರದೆ ಎದ್ದ ಮೇಲೆ ಮಂಗಳದವರೆಗೆ ಒಂದೇ ಓಟ. ಮೊದಲ ಅಂಕದಲ್ಲಿ ಹುಟ್ಟಿದ ಕೋಪ ನಟನ ಮೈಯಲ್ಲೇ ಉಳಿದು ಕೊನೆಯ ಅಂಕಕ್ಕೆ ಏರುತ್ತದೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ನಾಯಕರಾದರು, ತಿಪಟೂರಿನ ನರಸಿಂಹರಾಜು ಕೂಡ ಅದರಲ್ಲಿದ್ದರು. ಇಬ್ಬರೂ ರಂಗದಿಂದ ಬಂದವರು. ಅಂಥವರಿಗೂ ಕ್ಯಾಮೆರಾ ಮುಂದೆ ಬಂದರೆ ಬೇರೆ ಲೆಕ್ಕ. ಬೆಳಿಗ್ಗೆ ಅಳುವ ಸೀನು ಮಾಡಿ, ಆ ಅಳುವಿಗೆ ಕಾರಣವಾದ ಜಗಳವನ್ನು ಮುಂದಿನ ವಾರ ಆಡಬೇಕಾಗಿ ಬರಬಹುದು.

ನಮ್ಮ ತೋಟದ ಸೀನು ಸಿನಿಮಾದಲ್ಲಿ ನಾಲ್ಕನೆಯದು ಅಂದುಕೊಳ್ಳಿ. ಮಗಳು ಹೋದ ಮೇಲೆ ಅಪ್ಪ ಅದೇ ತೋಟದಲ್ಲಿ ಒಬ್ಬನೇ ಕೂರುವ ಸೀನು ಎಪ್ಪತ್ತೊಂದನೆಯದು. ಯೂನಿಟ್ ಗಾಡಿ, ಜನರೇಟರ್, ಊಟ, ರೂಮು, ಎಲ್ಲಕ್ಕೂ ದಿನದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಒಂದೇ ತೋಟಕ್ಕೆ ಎರಡು ಸಲ ಬರೋಕೆ ಯಾವ ನಿರ್ಮಾಪಕರೂ ಒಪ್ಪಲ್ಲ. ಅದಕ್ಕೇ ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ನಮ್ಮ ನಿರ್ದೇಶನ ವಿಭಾಗ ಅದನ್ನು ಬಿಡಿಸುತ್ತದೆ. ಯಾವ ಜಾಗ, ಹಗಲೋ ರಾತ್ರಿಯೋ, ಯಾವ ಕಲಾವಿದರು, ಯಾವ ಬಟ್ಟೆ, ಕೈಯಲ್ಲಿ ಏನು ಸಾಮಾನು ಅಂತ ಸೀನು ಸೀನಿಗೂ ಬರೆದುಕೊಳ್ಳುತ್ತೇವೆ. ಆಮೇಲೆ ಜಾಗ ಮತ್ತು ಕಲಾವಿದರ ಡೇಟ್ ನೋಡಿ ಜೋಡಿಸುತ್ತೇವೆ. ಹೀಗೆ ಎಪ್ಪತ್ತೊಂದು ಬೆಳಿಗ್ಗೆಗೆ, ನಾಲ್ಕು ಮಧ್ಯಾಹ್ನಕ್ಕೆ ಬೀಳುತ್ತವೆ. ದುಡ್ಡು, ಪರ್ಮಿಷನ್, ಊಟ, ಗಾಡಿ ಪ್ರೊಡಕ್ಷನ್ ಮ್ಯಾನೇಜರ್ ಪಾಲು. ಒಳ್ಳೆ ಮ್ಯಾನೇಜರ್ ನಮ್ಮ ಕಡೆಯ ಹಳ್ಳಿಗೆ ಹೋದರೆ ಮೊದಲು ಕೇಳೋದು ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೆ ಅಂತ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಗಾದರೆ ನಿರ್ದೇಶಕರು ಏನು ಮಾಡುತ್ತಾರೆ? ಆಕ್ಷನ್, ಕಟ್ ಹೇಳೋದು ಅದರಲ್ಲಿ ಚಿಕ್ಕ ಭಾಗ. ಇಡೀ ಸಿನಿಮಾ ಸರಿಯಾದ ಕ್ರಮದಲ್ಲಿ ಓಡ್ತಾ ಇರೋದು ಅವರ ತಲೆಯಲ್ಲಿ ಮಾತ್ರ. ಬೆಳಿಗ್ಗೆ ಮಗಳನ್ನು ಕಳಿಸಿ ಸೋತ ಅಪ್ಪನಾಗಿದ್ದ ನಟರಿಗೆ, ಮಧ್ಯಾಹ್ನ "ಈಗ ನಿಮಗೆ ಅವಳು ಹೋಗೋ ವಿಷಯವೇ ಗೊತ್ತಿಲ್ಲ, ಬೆಳಿಗ್ಗೆಯ ಸುಸ್ತು ಮುಖದಲ್ಲಿ ಬೇಡ" ಅಂತ ನೆನಪಿಸಬೇಕು. ಅಪ್ಪ ತಲೆ ಎತ್ತದೇ ಇರೋದು ಸಿಟ್ಟಿಗೋ, ಅಳು ತಡೆಯೋಕೋ ಅನ್ನೋದನ್ನೂ ಅವರೇ ತೀರ್ಮಾನಿಸಬೇಕು. ಆ ತೀರ್ಮಾನದ ಮೇಲೆ ಕ್ಯಾಮೆರಾ ಎಲ್ಲಿಡೋದು, ಮೌನ ಎಷ್ಟು ಹೊತ್ತು, ಸಂಗೀತ ಬೇಕೋ ಬೇಡವೋ ಎಲ್ಲಾ ನಿಂತಿರುತ್ತದೆ.

ಈಗ ನನ್ನ ಇಷ್ಟದ ವಿಷಯ, ಕಂಟಿನ್ಯುಟಿ. ಅಂದರೆ ಒಂದು ಶಾಟಿನಲ್ಲಿ ಇದ್ದದ್ದು ಮುಂದಿನ ಶಾಟಿನಲ್ಲೂ ಹಾಗೇ ಇರೋ ಹಾಗೆ ನೋಡಿಕೊಳ್ಳೋದು. ಸಹಾಯಕ ನಿರ್ದೇಶಕರಲ್ಲಿ ಒಬ್ಬರು ಪುಸ್ತಕ ಹಿಡಿದು ಇದನ್ನೇ ನೋಡುತ್ತಿರುತ್ತಾರೆ. ತೋಟದ ಸೀನಿನಲ್ಲಿ ಅವರ ಪಾಡು ನೋಡಿ. ಅಪ್ಪ ಮಾತಾಡುತ್ತಾ ಕಾಯಿ ಸುಲಿಯುತ್ತಾನೆ. ಒಂದು ಟೇಕ್, ಅಂದರೆ ಶಾಟನ್ನು ಒಂದು ಸಲ ತೆಗೆಯೋದು, ಮುಗಿಯೋ ಹೊತ್ತಿಗೆ ಮೂರು ಕಾಯಿ ಆಗಿರುತ್ತದೆ. ಎಡಕ್ಕೆ ಸಿಪ್ಪೆ, ಬಲಕ್ಕೆ ಸುಲಿದ ಕಾಯಿ. ಎರಡನೇ ಟೇಕಿಗೆ ಎರಡು ಗುಡ್ಡೆಯೂ ಮೊದಲಿನ ಹಾಗೇ ಚಿಕ್ಕದಾಗಬೇಕು. ಸುಲಿದ ಕಾಯಿಗೆ ಮತ್ತೆ ಸಿಪ್ಪೆ ಹಾಕೋಕಂತೂ ಆಗಲ್ಲ. ಹಾಗಾಗಿ ಪ್ರತಿ ಟೇಕಿಗೂ ಹೊಸ ಕಾಯಿ, ಅದೇ ಬಣ್ಣ, ಅದೇ ಗಾತ್ರ. ಇನ್ನು ಮಗಳ ಕ್ಲೋಸ್ ಅಪ್ ತೆಗೆಯುವಾಗ ಅಪ್ಪನ ಭುಜ ಮಾತ್ರ ಅಂಚಿನಲ್ಲಿ ಕಾಣುತ್ತದೆ. ನಮ್ಮಲ್ಲಿ ಅದಕ್ಕೆ ಸಜೆಷನ್ ಶಾಟ್ ಅನ್ನುತ್ತಾರೆ. ಆ ಭುಜ "ಸೋಮವಾರ" ಅನ್ನೋ ಮಾತಿಗೆ ಮೇಲಿತ್ತಾ, ಕೆಳಗಿತ್ತಾ? ಕಾಯಿ ಕೈಯಲ್ಲಿತ್ತಾ, ನೆಲದ ಮೇಲಿತ್ತಾ? ಪುಸ್ತಕದಲ್ಲಿ ಅದು ಮಾತಿನ ಪಕ್ಕದಲ್ಲೇ ಬರೆದಿರಬೇಕು. ಈಗ ಎಲ್ಲರೂ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾರೆ. ಫೋಟೋದಲ್ಲಿ ಗುಡ್ಡೆ ಎಷ್ಟಿತ್ತು ಅಂತ ಗೊತ್ತಾಗುತ್ತದೆ, ಯಾವ ಮಾತಿಗೆ ಕೈ ನಿಂತಿತು ಅಂತ ಗೊತ್ತಾಗಲ್ಲ.

ಆ ಕಾಯಿಗಳನ್ನು ತಂದವರು ಕಲಾ ನಿರ್ದೇಶಕರ ತಂಡ. ಸೆಟ್ ಹಾಕೋದು ಮಾತ್ರ ಅವರ ಕೆಲಸ ಅಂತ ಸುಮ್ನೆ ಅಂದುಕೊಂಡಿರುತ್ತೇವೆ. ಇರೋ ತೋಟವನ್ನೇ ಕತೆಯ ತೋಟ ಮಾಡೋದೂ ಅವರದೇ. ಕೊಬ್ಬರಿಗೆ ಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಅದರ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆರ್ಟ್ ವಿಭಾಗದವರು ಮಾರ್ಕೆಟ್ಟಿನಿಂದ ಹಸಿ ಕಾಯಿ ತಂದು ಸುರಿದರೆ ಬೆಂಗಳೂರಿನವರಿಗೆ ಗೊತ್ತಾಗಲಿಕ್ಕಿಲ್ಲ, ತಿಪಟೂರಿನವರು ಥಿಯೇಟರಿನಲ್ಲೇ ನಗುತ್ತಾರೆ. ಅಪ್ಪನ ಬನಿಯನ್ ಎಷ್ಟು ಮಾಸಿರಬೇಕು, ಎಪ್ಪತ್ತೊಂದನೇ ಸೀನಿಗೆ ಗಡ್ಡ ಎಷ್ಟು ಬೆಳೆದಿರಬೇಕು ಅನ್ನೋದು ಕಾಸ್ಟ್ಯೂಮ್ ಮತ್ತು ಮೇಕಪ್‌ನವರ ಲೆಕ್ಕ. ಬೆಳಿಗ್ಗೆ ಗಡ್ಡ, ಮಧ್ಯಾಹ್ನ ನುಣ್ಣಗೆ. ಈ ಕ್ರಮದಲ್ಲಾದರೆ ಬೆಳೆದ ಗಡ್ಡವನ್ನು ಬೋಳಿಸಿದರೆ ಆಯ್ತು. ಉಲ್ಟಾ ಆದರೆ ಅಂಟಿಸಬೇಕು.

ತೆಂಗಿನ ತೋಟ ಕಣ್ಣಿಗೆ ಚೆಂದ, ಛಾಯಾಗ್ರಾಹಕರಿಗೆ ಕಷ್ಟ. ಗರಿಗಳ ನಡುವಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಮುಖದ ಮೇಲೆ ಬೀಳುತ್ತದೆ. ಗಾಳಿ ಬೀಸಿದರೆ ಚುಕ್ಕೆಗಳೂ ಓಡಾಡುತ್ತವೆ. ಒಂದು ಶಾಟಿನಲ್ಲಿ ಮೂಗಿನ ಮೇಲಿದ್ದ ಬಿಸಿಲು ಮುಂದಿನ ಶಾಟಿನಲ್ಲಿ ಕಿವಿಗೆ ಹೋಗಿರುತ್ತದೆ. ಅದಕ್ಕೆ ಕಲಾವಿದರ ತಲೆ ಮೇಲೆ ಬಿಳಿ ಬಟ್ಟೆಯ ದೊಡ್ಡ ಚೌಕಟ್ಟು ಹಿಡಿಸಿ ಬಿಸಿಲನ್ನು ಮೆತ್ತಗೆ ಮಾಡುತ್ತಾರೆ. ಆಮೇಲೆ ಬೇಕಾದ ಕಡೆಯಿಂದ ಥರ್ಮೋಕೋಲಿನಲ್ಲೋ ಲೈಟಿನಲ್ಲೋ ಬೆಳಕು ಕೊಡುತ್ತಾರೆ. ಸಾಮಾನ್ಯವಾಗಿ ಇಡೀ ಜಾಗ ಕಾಣುವ ವೈಡ್ ಶಾಟ್ ಮೊದಲು ತೆಗೆಯೋದೂ ಇದಕ್ಕೇ. ಇಡೀ ತೋಟಕ್ಕೆ ಬಟ್ಟೆ ಕಟ್ಟೋಕೆ ಆಗಲ್ಲ, ಸೂರ್ಯ ಹೇಳಿದ ಹಾಗೆ ಕೇಳಬೇಕು. ಕ್ಲೋಸ್ ಅಪ್ ಆದರೆ ಸಂಜೆ ನಾಲ್ಕಕ್ಕೆ ತೆಗೆದರೂ ಮಧ್ಯಾಹ್ನ ಎರಡರ ಬೆಳಕು ಮಾಡಿಕೊಳ್ಳಬಹುದು.

ಬೆಳಕಿನ ಮಾತು ಬಂದಾಗ ಮೈಸೂರಿನ ವಿ.ಕೆ. ಮೂರ್ತಿಯವರನ್ನು ನೆನೆಯದೆ ಮುಂದೆ ಹೋಗೋಕೆ ಆಗಲ್ಲ. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು. ಗುರುದತ್ ಅವರ 1959ರ 'ಕಾಗಜ್ ಕೆ ಫೂಲ್'ನಲ್ಲಿ, ಕತ್ತಲೆ ಸ್ಟುಡಿಯೋ ಒಳಗೆ ಇಳಿಯುವ ಆ ಬೆಳಕಿನ ಕೋಲಿಗೆ ಅವರು ದೊಡ್ಡ ಲೈಟ್ ಹಾಕಲಿಲ್ಲ. ಹೊರಗಿನ ಬಿಸಿಲನ್ನೇ ಕನ್ನಡಿಯಿಂದ ಕನ್ನಡಿಗೆ ತಿರುಗಿಸಿ ಒಳಗೆ ಬಿಟ್ಟರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಹೊಸ ಕ್ಯಾಮೆರಾ ಇಲ್ಲ ಅಂತ ಕೊರಗೋ ಹುಡುಗರಿಗೆ ನಾನು ಇದನ್ನೇ ಹೇಳೋದು.

ಕ್ಯಾಮೆರಾ ಪಕ್ಕದಲ್ಲಿ ಇನ್ನೊಬ್ಬರಿರುತ್ತಾರೆ, ಫೋಕಸ್ ಪುಲ್ಲರ್. ಮುಖ ಮಸುಕಾಗದೆ ಸ್ಪಷ್ಟವಾಗಿ ಕಾಣಲಿ ಅಂತ, ಕ್ಯಾಮೆರಾದಿಂದ ನಟರ ಕಣ್ಣಿಗೆ ಎಷ್ಟು ಅಡಿ ಎಂದು ಟೇಪ್ ಹಿಡಿದು ಅಳೆಯುವವರು. ಮಗಳು ನಡೆದು ಬರುವಾಗ ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕುತ್ತಾರೆ. ತೋಟದ ಮಣ್ಣಿನಲ್ಲಿ ಟೇಪ್ ಅಂಟಲ್ಲ, ಒಂದು ಕಡ್ಡಿ ಇಡುತ್ತಾರೆ. ಅವಳು ನೆಲ ನೋಡದೆ ಆ ಕಡ್ಡಿ ಹತ್ತಿರ ಸರಿಯಾಗಿ ನಿಲ್ಲಬೇಕು. ಇದೂ ನಟನೆಯ ಭಾಗವೇ, ಯಾರೂ ಹೊಗಳಲ್ಲ ಅಷ್ಟೆ. ಕ್ಯಾಮೆರಾದವರು ನೋಡುವ ಇನ್ನೊಂದು ವಿಷಯ, ಲುಕ್. ಅಪ್ಪ ಬಲಕ್ಕೆ ನೋಡುತ್ತಿದ್ದರೆ ಮಗಳು ಎಡಕ್ಕೆ ನೋಡಬೇಕು. ಇಬ್ಬರ ನಡುವೆ ಒಂದು ಗೆರೆ ಎಳೆದುಕೊಂಡು ಕ್ಯಾಮೆರಾ ಅದರ ಒಂದೇ ಪಕ್ಕದಲ್ಲಿರಬೇಕು. ಸುಮ್ನೆ ಆಚೆ ದಾಟಿದರೆ ಇಬ್ಬರೂ ಒಂದೇ ಕಡೆ ನೋಡುತ್ತಾ ಯಾರೋ ಮೂರನೆಯವರ ಜೊತೆ ಮಾತಾಡಿದ ಹಾಗೆ ಕಾಣುತ್ತದೆ. ಕಿರುಚಿತ್ರಗಳಲ್ಲಿ ನಾನು ಅತಿ ಹೆಚ್ಚು ನೋಡೋ ತಪ್ಪು ಇದು.

ಎರಡನೇ ದೊಡ್ಡ ತಪ್ಪು ಸದ್ದಿನದು. ಕನ್ನಡದ ಬಹಳಷ್ಟು ಸಿನಿಮಾಗಳಲ್ಲಿ ಲೊಕೇಶನ್‌ನಲ್ಲಿ ಹಿಡಿದ ಮಾತು ಬರೀ ಪೈಲಟ್ ಟ್ರ್ಯಾಕ್, ಅಂದರೆ ಗುರುತಿಗೆ ಇಟ್ಟುಕೊಳ್ಳೋ ಸದ್ದು. ಆಮೇಲೆ ಸ್ಟುಡಿಯೋದಲ್ಲಿ ಅದನ್ನು ಕೇಳಿಕೊಂಡು, ತುಟಿ ನೋಡಿಕೊಂಡು ಡಬ್ ಮಾಡುತ್ತಾರೆ. ಸಿಂಕ್ ಸೌಂಡ್ ಅಂದರೆ ಅಲ್ಲೇ ಆಡಿದ ಮಾತನ್ನೇ ಉಳಿಸಿಕೊಳ್ಳೋದು. "ಊಟ ಮಾಡ್ದೇನವ್ವ" ಅನ್ನೋವಾಗ ಕಾಯಿ ಸುಲಿದ ಏದುಸಿರು ಇರುತ್ತಲ್ಲ, ಅದು ಏಸಿ ರೂಮಿನಲ್ಲಿ ಹಾಗೇ ಬರೋದು ಕಷ್ಟ. ನನ್ನ ಓಟು ಸಿಂಕ್ ಸೌಂಡಿಗೆ. ಆದರೆ ಅದಕ್ಕೆ ಊರೇ ಸುಮ್ಮನಿರಬೇಕು. ತ್ರೀ ಫೇಸ್ ಬಂದರೆ ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಒಟ್ಟಿಗೆ ಶುರುವಾಗಿ ಪೈಪುಗಳಲ್ಲಿ ನೀರು ಧೋ ಅಂತ ಸುರಿಯುತ್ತದೆ. ತೋಟದವರಿಗೆ ನೀರು ನಿಲ್ಲಿಸಿ ಅನ್ನೋಕೆ ನಮಗೇನು ಹಕ್ಕಿದೆ? ಕರೆಂಟ್ ಇಲ್ಲದ ಹೊತ್ತು ನೋಡಿ ನಾವೇ ತೆಗೆಯಬೇಕು. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ತಿಪಟೂರಿನ ಮೇಲೇ ಹೋಗುತ್ತದೆ. ಹಾರ್ನ್ ಕೇಳಿದರೆ ಸೌಂಡ್ ರೆಕಾರ್ಡಿಸ್ಟ್ ಕೈ ಎತ್ತುತ್ತಾರೆ, ಎಲ್ಲರೂ ಕಾಯುತ್ತಾರೆ. ಪ್ಯಾಕ್ ಅಪ್‌ಗೆ ಮೊದಲು ಅವರು ಎಲ್ಲರನ್ನೂ ಸುಮ್ಮನಿರಿಸಿ, ಖಾಲಿ ತೋಟದ ಸದ್ದನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತಾರೆ. ಬೇರೆ ಬೇರೆ ಹೊತ್ತಿನ ಮಾತುಗಳನ್ನು ಜೋಡಿಸುವಾಗ ನಡುವಿನ ಸಂದು ತುಂಬೋದು ಅದೇ ಸದ್ದು.

ಕ್ಲಾಪ್ ಹೊಡೆಯೋದು ನೋಡಿರುತ್ತೀರಿ. ಬೋರ್ಡಿನ ಮೇಲೆ ಸೀನ್, ಶಾಟ್, ಟೇಕ್ ನಂಬರ್ ಇರುತ್ತದೆ. ಪಟ್ ಅನ್ನೋ ಸದ್ದು ಒಂದು ಕಡೆ, ಕೋಲು ಕೂಡಿದ ಫ್ರೇಮ್ ಇನ್ನೊಂದು ಕಡೆ. ಸೆಕೆಂಡಿಗೆ 24 ಫ್ರೇಮಿನಲ್ಲಿ ಎಡಿಟರ್ ಆ ಒಂದು ಫ್ರೇಮ್ ಹುಡುಕಿ ಚಿತ್ರ ಮತ್ತು ಸದ್ದನ್ನು ಜೋಡಿಸುತ್ತಾರೆ. ಮೊದಲಿಗೆ ಹೊಡೆಯೋಕೆ ಆಗದಿದ್ದರೆ ಶಾಟ್ ಮುಗಿದ ಮೇಲೆ ಬೋರ್ಡನ್ನು ತಲೆಕೆಳಗೆ ಹಿಡಿದು ಹೊಡೆಯುತ್ತಾರೆ.

ಎಡಿಟಿಂಗ್ ಅಂದರೆ ಬೇಡದ್ದನ್ನು ಕತ್ತರಿಸೋದು ಅಂತ ಹೊರಗಿನವರು ಹೇಳುತ್ತಾರೆ. ಅಷ್ಟೇ ಅಲ್ಲ. ನಮ್ಮ ಸೀನು ತಗೊಳ್ಳಿ. "ಸೋಮವಾರ ಸೇರಬೇಕು" ಅಂತ ಮಗಳು ಹೇಳಿದ ಕೂಡಲೇ ಅಪ್ಪನ ಮುಖಕ್ಕೆ ಹೋದರೆ ಅದು ಅಪ್ಪನ ಸೀನು. ಮಗಳ ಮುಖದ ಮೇಲೇ ನಿಂತು, ಕಾಯಿ ಸುಲಿಯೋ ಸದ್ದನ್ನು ಮಾತ್ರ ಕೇಳಿಸಿದರೆ ಅದು ಅವಳ ಸೀನು. ಅವೇ ಶಾಟುಗಳು, ಅದೇ ನಟನೆ. ಅಪ್ಪನ ಪ್ರಶ್ನೆಗೆ ಮುಂಚಿನ ಮೌನ ಒಂದು ಸೆಕೆಂಡ್ ಜಾಸ್ತಿಯಾದರೆ ಸಿಟ್ಟು ದುಃಖವಾಗಿ ಕಾಣಬಹುದು. ನಿರ್ದೇಶಕರು ಸೆಟ್‌ನಲ್ಲಿ ಮಾಡಿದ ತೀರ್ಮಾನ ಎಡಿಟ್ ಟೇಬಲ್ ಮೇಲೆ ಬದಲಾಗೋದೂ ಉಂಟು. ಒಳ್ಳೆ ನಿರ್ದೇಶಕರು ಅದಕ್ಕೆ ಬೇಜಾರು ಮಾಡಿಕೊಳ್ಳಲ್ಲ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಹಿನ್ನೆಲೆ ಸಂಗೀತಕ್ಕೆ ನಮ್ಮಲ್ಲಿ ಆರ್‌ಆರ್ ಅನ್ನುತ್ತಾರೆ. ಹೆಜ್ಜೆ, ಬಟ್ಟೆ, ಒಣಗಿದ ಕಾಯಿ ಅಲ್ಲಾಡಿಸಿದಾಗ ಒಳಗಿನ ಕೊಬ್ಬರಿ ಲೊಟಲೊಟ ಅನ್ನೋ ಸದ್ದು, ಇವನ್ನೆಲ್ಲ ಸ್ಟುಡಿಯೋದಲ್ಲಿ ಮತ್ತೆ ಮಾಡುವವರು ಫೋಲಿ ಕಲಾವಿದರು. ಶಾಟ್ ಶಾಟಿಗೂ ಬಣ್ಣ ಒಂದೇ ಮಾಡೋದು ಡಿಐನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದೋ ಹಂತದಲ್ಲಿ. ಕೊನೆಗೆ ಎಲ್ಲ ಸದ್ದುಗಳನ್ನು ಕೂಡಿಸೋ ಮಿಕ್ಸಿಂಗ್, ಆಮೇಲೆ ಸೆನ್ಸಾರ್. ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ. 2024ರ ನಿಯಮದಿಂದ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳಿಗೆ ಕೊಡೋ ಯುಎ ಸರ್ಟಿಫಿಕೇಟಿನಲ್ಲಿ 7, 13, 16 ವರ್ಷ ಅಂತ ಮೂರು ಬಗೆ ಬಂದಿದೆ.

ಈ ಲೈನಿಗೆ ಬರಬೇಕು ಅನ್ನೋರಿಗೆ ಒಂದು ಮಾತು. ನಿರ್ದೇಶನ ವಿಭಾಗದ ಮುಂದೆ ಕ್ಯೂ ಉದ್ದ ಇದೆ. ಮೊದಮೊದಲು ಸಂಬಳ ಅಂತ ಹೇಳಿಕೊಳ್ಳುವಂಥದ್ದೇನೂ ಇರಲ್ಲ. ಸೌಂಡ್ ಕಡೆ ಅಷ್ಟು ನೂಕುನುಗ್ಗಲು ನಾನು ನೋಡಿಲ್ಲ. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಛಾಯಾಗ್ರಹಣದ ಜೊತೆ ಸೌಂಡ್‌ಗೂ ಡಿಪ್ಲೊಮಾ ಇದೆ. ತುಮಕೂರಿನಿಂದ ಬೆಳಿಗ್ಗೆ ಹೊರಟರೆ ವಿಚಾರಿಸಿಕೊಂಡು ಸಂಜೆಗೆ ಮನೆಗೆ ವಾಪಸ್ ಬರಬಹುದು.