ಕಿಡಿ ಹುಟ್ಟುವುದು ಕೂಡಿದಾಗಲ್ಲ, ಬಿಟ್ಟಾಗ

ಹಾರಂಗಿ ಹಿನ್ನೀರಿನ ಹತ್ತಿರ ಗೆಳೆಯನ ಹಳೇ ದೋಣಿ ಮೋಟಾರು ಒಂದಿದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ಬಿದ್ದಿತ್ತು. ಅಕ್ಟೋಬರಿನಲ್ಲಿ ಹಗ್ಗ ಎಳೆದರೆ ಉಸಿರೇ ಇಲ್ಲ. ಒಬ್ಬರು ದೃಷ್ಟಿ ಆಗಿದೆ ಅಂತ ನಿಂಬೆಹಣ್ಣು ಕಟ್ಟಿದರು. ಇನ್ನೊಬ್ಬರು "ಮ್ಯಾಗ್ನೆಟ್ ಪವರ್ ಹೋಗಿದೆ, ಗುಜರಿಗೆ ಹಾಕಿ" ಎಂದರು. ನನಗೆ ಈ ಎರಡನೇ ಮಾತಿಗೇ ಜಾಸ್ತಿ ಸಿಟ್ಟು ಬಂತು, ಯಾಕಂದ್ರೆ ಅದು ವಿಜ್ಞಾನದ ವೇಷ ಹಾಕಿಕೊಂಡು ಬಂದಿತ್ತು.

ಮ್ಯಾಗ್ನೆಟ್ ಒಂದು ಮಳೆಗಾಲಕ್ಕೆಲ್ಲ ಸಾಯುವುದಿಲ್ಲ. ಕೊಡಗಿನ ತೇವಕ್ಕೆ ಮೊದಲು ಕೆಡುವುದು ಹಗ್ಗ ಎಳೆದಾಗ ಸುತ್ತುವ ಭಾರದ ಚಕ್ರ, ಅಂದರೆ ಫ್ಲೈವೀಲಿನ ಕೆಳಗಿರುವ ಪಾಯಿಂಟ್ಸ್. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕ್ ಓಡಿಸಿದವರಿಗೆ ಇವು ಹಳೇ ನೆಂಟರು. ಎರಡು ಪುಟ್ಟ ಲೋಹದ ಗುಂಡಿಗಳು, ಕೂಡುತ್ತವೆ, ಬಿಡುತ್ತವೆ, ಅಷ್ಟೇ ಕೆಲಸ.

ಕೂಡಿದಾಗ ಕಿಡಿ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಉಲ್ಟಾ. ಮಾರ್ಚ್ ತಿಂಗಳಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದಾಗ ವಾಲ್ವನ್ನು ಪಟ್ಟನೆ ಮುಚ್ಚಿ ನೋಡಿ, ಪೈಪು ಧಡ್ ಅಂತ ಒದೆಯುತ್ತದೆ, ಅಲ್ವಾ? ಓಡುತ್ತಿದ್ದ ನೀರಿಗೆ ನಿಲ್ಲಲು ಮನಸ್ಸಿಲ್ಲ. ಕಾಯಿಲಿನೊಳಗಿನ, ಅಂದರೆ ಸುತ್ತಿದ ತಂತಿಯೊಳಗಿನ, ಕರೆಂಟೂ ಹಾಗೇ. ಮ್ಯಾಗ್ನೆಟ್ ಸುತ್ತುವಾಗ ದಪ್ಪ ತಂತಿಯ ಕೆಲವೇ ನೂರು ಸುತ್ತುಗಳಲ್ಲಿ ಕರೆಂಟ್ ಏರುತ್ತದೆ. ಅದು ಪೂರ್ತಿ ಏರಿದ ಗಳಿಗೆಯಲ್ಲೇ ಪಾಯಿಂಟ್ಸ್ ಬಾಯಿ ಬಿಡುತ್ತವೆ. ದಾರಿ ಕಡಿದ ಕರೆಂಟ್ ಒದೆಯುತ್ತದೆ. ಪಕ್ಕದಲ್ಲೇ ಕೂದಲಿನಂಥ ತಂತಿಯ ಸಾವಿರಾರು ಸುತ್ತುಗಳಿವೆ. ಆ ಒದೆತ ಅಲ್ಲಿ 10,000 ವೋಲ್ಟಿಗೂ ಮೇಲೆ ಹೋಗಿ ಪ್ಲಗ್ಗಿನಲ್ಲಿ ಹಾರುತ್ತದೆ. ಕಂಡೆನ್ಸರ್ ಇಲ್ಲದಿದ್ದರೆ ಕಿಡಿ ಪಾಯಿಂಟ್ಸ್ ನಡುವೆಯೇ ಹಾರಿ ಸುಟ್ಟುಹಾಕುತ್ತಿತ್ತು. ಕಂಡೆನ್ಸರ್ ಅಂದರೆ ಆ ಧಡ್ ಅನ್ನು ಒಂದು ಗಳಿಗೆ ನುಂಗಿಕೊಳ್ಳುವ ಪುಟ್ಟ ತೊಟ್ಟಿ ಅಂದುಕೊಳ್ಳಿ.

ಮ್ಯಾಗ್ನೆಟ್ ಆಡಿಸಿದರೆ ತಂತಿಯಲ್ಲಿ ಕರೆಂಟ್ ಹುಟ್ಟುವ ಗುಟ್ಟನ್ನು ವಿಜ್ಞಾನಿ ಫ್ಯಾರಡೆ ಕಂಡಿದ್ದು 1831ರಲ್ಲಿ. ಬಾಷ್ ಕಂಪನಿಯ ಹೊನೋಲ್ಡ್ ಅದರಿಂದ ಹೈ ವೋಲ್ಟೇಜ್ ಮ್ಯಾಗ್ನೆಟೋ, ಅಂದರೆ ಮ್ಯಾಗ್ನೆಟ್ಟಿನಿಂದಲೇ ಕಿಡಿ ಹುಟ್ಟಿಸುವ ಸಾಧನ, ಮಾಡಿದ್ದು 1902ರಲ್ಲಿ. ನಡುವೆ 71 ವರ್ಷ! ಅಮೆರಿಕದ ಓಲೆ ಎವಿನ್ರೂಡ್ ದೋಣಿ ಮೋಟಾರನ್ನು ಮಾರಾಟಕ್ಕೆ ತಂದಿದ್ದು 1909ರಲ್ಲಿ. ಐಸ್‌ಕ್ರೀಂ ತರಲು ಹುಟ್ಟು ಹಾಕಿ ಸುಸ್ತಾಗಿ ಅವನಿಗೆ ಈ ಯೋಚನೆ ಬಂತು ಅನ್ನೋ ಕತೆ ಇದೆ.

ಸರಿ, ನಮ್ಮ ಮೋಟಾರು. ಫ್ಲೈವೀಲ್ ಬಿಚ್ಚಿದಾಗ ಪಾಯಿಂಟ್ಸ್ ಮೇಲೆ ಕಪ್ಪು ಪೊರೆ. ಕರೆಂಟ್ ಹರಿಯದಿದ್ದರೆ ಕಡಿಯಲು ಏನಿದೆ? ತೆಳು ಫೈಲ್ ಎರಡು ಸಲ ಆಡಿಸಿದೆ, ಮದುವೆ ಕರೆಯೋಲೆಯ ದಪ್ಪ ಕಾಗದ ನಡುವೆ ಎಳೆದು ಒರೆಸಿದೆ. ಉಪ್ಪುಕಾಗದ ಬೇಡ, ಅದರ ಕಣ ಅಲ್ಲೇ ಕಚ್ಚಿಕೊಳ್ಳುತ್ತದೆ. ಈ ಮೋಟಾರಿಗೆ ಗ್ಯಾಪ್ ಅರ್ಧ ಮಿಲಿಮೀಟರ್, ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜಿನಲ್ಲಿ ಅಳೆದು ಇಟ್ಟೆ. ಪೆಟ್ರೋಲ್ ಕ್ಯಾನ್ ದೂರ ಸರಿಸಿ, ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆದರೆ ನೀಲಿ ಕಿಡಿ, ಚಟ್ ಅಂತ.

ಪ್ಲಗ್ ಹಾಕಿ ಮೂರನೇ ಎಳೆತಕ್ಕೆ ಮೋಟಾರು ಹೊಗೆ ಬಿಟ್ಟು ಶುರುವಾಯಿತು. ನಿಂಬೆಹಣ್ಣು ಬಿಚ್ಚಲು ಮರೆತಿದ್ದೆವು. ಅದು ಕಟ್ಟಿದವರು ದಡದಲ್ಲಿ ನಿಂತು ನನ್ನನ್ನೇ ನೋಡಿ ನಗುತ್ತಿದ್ದರು.