ಸಮುದಾಯ ಕಾಲೇಜಿನಲ್ಲಿ ಏನೇನು ಕಲಿಸುತ್ತಾರೆ, ಅಲ್ಲಿ ಕಲಿತದ್ದಕ್ಕೆ ಮುಂದೆ ಬೆಲೆ ಇದೆಯೇ?

ಓದುಗರ ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಹಳ್ಳಿಯವರು. ಮಗಳು ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿ ಒಂದು ವರ್ಷ ಮನೆಯಲ್ಲೇ ಇದ್ದಳು. ಈಗ ಮತ್ತೆ ಓದುತ್ತೇನೆ ಎನ್ನುತ್ತಾಳೆ. ಸಮುದಾಯ ಕಾಲೇಜಿನಲ್ಲಿ ಬೇರೆ ಬೇರೆ ವಿಷಯಗಳ ಕೋರ್ಸುಗಳಿವೆ ಎಂದು ಪರಿಚಯದವರೊಬ್ಬರು ಹೇಳಿದರು. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಅದು ಬಿ.ಕಾಂ.ಗೆ ಸಮವೇ, ಅಥವಾ ಹೊಲಿಗೆ ತರಬೇತಿಯ ಹಾಗೆ ಒಂದು ಸರ್ಟಿಫಿಕೇಟ್ ಕೊಟ್ಟು ಕಳುಹಿಸುತ್ತಾರೆಯೇ?

ಉತ್ತರ: ಸಮುದಾಯ ಕಾಲೇಜಿನ ಡಿಪ್ಲೊಮಾ ಬಿ.ಕಾಂ.ಗೆ ಸಮವಲ್ಲ. ಆದರೆ ಅದನ್ನು ಹತ್ತು ಹದಿನೈದು ದಿನಗಳ ತರಬೇತಿಯ ಸಾಲಿಗೂ ಸೇರಿಸಬಾರದು. ಅಲ್ಲಿ ಓದಿದ ಪ್ರತಿಯೊಂದು ವಿಷಯಕ್ಕೂ ಕ್ರೆಡಿಟ್, ಅಂದರೆ ಕಲಿತ ಗಂಟೆಗಳನ್ನು ಲೆಕ್ಕಹಾಕಿ ಕೊಡುವ ಅಂಕ, ಸಿಗುತ್ತದೆ, ಆ ಕ್ರೆಡಿಟ್ ಮುಂದಿನ ಓದಿಗೆ ಲೆಕ್ಕಕ್ಕೆ ಬರುವ ಸಾಧ್ಯತೆ ಇರುತ್ತದೆ. ಕೋರ್ಸಿನ ಹೆಸರು ಎಷ್ಟು ಆಕರ್ಷಕವಾಗಿದೆ ಎಂದು ನೋಡುವ ಮೊದಲು ಈ ಸಾಧ್ಯತೆ ಎಷ್ಟು ಗಟ್ಟಿ ಎಂದು ನೋಡಬೇಕು.

ಈ ಬಗೆಯ ಕಾಲೇಜು ಹುಟ್ಟಿದ್ದು ಅಮೆರಿಕದಲ್ಲಿ. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಆರಂಭವಾದ ಕಾಲೇಜನ್ನು ಇದರ ಮೊದಲ ಮಾದರಿ ಎನ್ನುತ್ತಾರೆ. ಅಲ್ಲಿ ಒಂದೇ ಕಾಲೇಜಿನ ಕೋರ್ಸುಗಳ ಪಟ್ಟಿಯಲ್ಲಿ ಇತಿಹಾಸ, ನರ್ಸಿಂಗ್, ವೆಲ್ಡಿಂಗ್, ಲೆಕ್ಕಶಾಸ್ತ್ರ, ಗಣಿತ ಎಲ್ಲವೂ ಒಟ್ಟಿಗೆ ಇರುತ್ತವೆ. ಎರಡು ವರ್ಷ ಓದಿ ಕೆಲಸಕ್ಕೆ ಹೋಗಬಹುದು, ಬೇಕಾದವರು ಆ ಕ್ರೆಡಿಟ್‌ಗಳೊಂದಿಗೆ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬಹುದು. ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿಯಲ್ಲಿ, 1996ರಲ್ಲಿ ಮದರಾಸಿನಲ್ಲಿ ಇಂಥ ಕಾಲೇಜುಗಳು ಶುರುವಾದವು. ವಿಶ್ವವಿದ್ಯಾಲಯ ಅನುದಾನ ಆಯೋಗವು 12ನೇ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, 2013-14ರ ಹೊತ್ತಿಗೆ, ಇದಕ್ಕೊಂದು ಯೋಜನೆ ರೂಪಿಸಿತು. ಮರುವರ್ಷವೇ ಬಿ.ವೋಕ್. ಎಂಬ ವೃತ್ತಿಪರ ಪದವಿಯೂ ಬಂತು. ನಮ್ಮಲ್ಲಿ ಸಮುದಾಯ ಕಾಲೇಜು ಎಂದರೆ ಬಹುತೇಕ ಬೇರೆ ಕಟ್ಟಡ, ಬೇರೆ ಫಲಕ ಇರುವುದಿಲ್ಲ. ಈಗಾಗಲೇ ಇರುವ ಪದವಿ ಕಾಲೇಜಿನ ಒಳಗೇ ಅದು ನಡೆಯುತ್ತದೆ. ಆದ್ದರಿಂದ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಭದ್ರಾವತಿಯ ಪದವಿ ಕಾಲೇಜುಗಳ ಕಚೇರಿಯಲ್ಲಿ ನೇರವಾಗಿ ಹೀಗೆ ಕೇಳಿ: "ಈ ವರ್ಷ ನಿಮ್ಮಲ್ಲಿ ಕೌಶಲದ ಡಿಪ್ಲೊಮಾ ಅಥವಾ ಬಿ.ವೋಕ್. ಯಾವುದಿದೆ?"

ಆಯೋಗದ ಆ ಯೋಜನೆಯ ಲೆಕ್ಕದಲ್ಲಿ ಆರು ತಿಂಗಳ ಸರ್ಟಿಫಿಕೇಟ್‌ಗೆ 30 ಕ್ರೆಡಿಟ್, ಒಂದು ವರ್ಷದ ಡಿಪ್ಲೊಮಾಕ್ಕೆ 60, ಎರಡು ವರ್ಷದ ಅಡ್ವಾನ್ಸ್‌ಡ್ ಡಿಪ್ಲೊಮಾಕ್ಕೆ 120. ಬಿ.ವೋಕ್. ಪದವಿ ಮೂರು ವರ್ಷದ್ದು, 180 ಕ್ರೆಡಿಟ್. ತರಗತಿ ಅಥವಾ ಪ್ರಯೋಗಾಲಯದಲ್ಲಿ 15 ಗಂಟೆ ಕಲಿತರೆ ಒಂದು ಕ್ರೆಡಿಟ್. ಹೊರಗೆ ಹೋಗಿ ಮಾಡುವ ಕ್ಷೇತ್ರಕಾರ್ಯಕ್ಕೆ ಅದರ ಎರಡು ಪಟ್ಟು ಸಮಯ ಬೇಕು. ಬಿ.ವೋಕ್.ನಲ್ಲಿ ವರ್ಷದ 60 ಕ್ರೆಡಿಟ್‌ಗಳಲ್ಲಿ 36 ಕೌಶಲಕ್ಕೆ, 24 ಸಾಮಾನ್ಯ ಶಿಕ್ಷಣಕ್ಕೆ. ಈ 24ನ್ನು ಮಕ್ಕಳೂ ಲೆಕ್ಕಕ್ಕಿಡುವುದಿಲ್ಲ, ಕೆಲವು ಕಡೆ ಕಲಿಸುವವರೂ ಇಡುವುದಿಲ್ಲ. ನನಗೆ ಅದು ಬೇಸರದ ಸಂಗತಿ. ಏಕೆಂದು ಒಂದೇ ಕೋರ್ಸನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ.

ಆಹಾರ ಸಂಸ್ಕರಣೆಯ ಕೋರ್ಸನ್ನೇ ತೆಗೆದುಕೊಳ್ಳೋಣ. ಮಲೆನಾಡಿನ ಮನೆಗೆ ಇದು ಹೊಸದಲ್ಲ. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಚಿರುಟುವವರೆಗೆ ಇಡುವುದು, ಹಲಸಿನ ಹಪ್ಪಳವನ್ನು ಮಳೆ ಹಿಡಿಯುವ ಮೊದಲೇ ಒಣಗಿಸಿ ಡಬ್ಬಿ ತುಂಬುವುದು, ಮುರುಗಲಿನ ಸಿಪ್ಪೆ ಕೂಡಿಡುವುದು ನಿಮ್ಮ ಮಗಳಿಗೂ ಗೊತ್ತಿರುತ್ತದೆ. ಹಾಗಿದ್ದ ಮೇಲೆ ಕಾಲೇಜಿಗೆ ಹೋಗಿ ಕಲಿಯುವುದೇನು? ಮನೆಯ ಭರಣಿಯಲ್ಲಿ ವರ್ಷಗಟ್ಟಲೆ ಕೆಡದ ಉಪ್ಪಿನಕಾಯಿ, ಅದೇ ಕೈಯಿಂದ ಪ್ಯಾಕೆಟ್ ತುಂಬಿ ಬೆಂಗಳೂರಿಗೆ ಕಳುಹಿಸಿದಾಗ ಬೂಸಲು ಹಿಡಿಯಬಹುದು, ಪ್ಯಾಕೆಟ್ ಉಬ್ಬಬಹುದು. ಎಷ್ಟು ಉಪ್ಪು, ಎಷ್ಟು ಹುಳಿ, ಎಷ್ಟು ತೇವಾಂಶ ಎಂಬುದು ಅಲ್ಲಿ ಅಂದಾಜಿನಿಂದ ನಡೆಯುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಬೆಳೆದು ವಿಷ ಉಂಟುಮಾಡುವ ಬಾಟುಲಿನಂ ಬ್ಯಾಕ್ಟೀರಿಯಾ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಈ ಸಂಖ್ಯೆ ಇಳಿಯುತ್ತದೆ) 4.6ಕ್ಕಿಂತ ಕಡಿಮೆ ಇರುವಲ್ಲಿ ಬೆಳೆಯಲಾರದು. ಪ್ರತಿ ಸಲ ತಯಾರಿಸಿದ್ದರಲ್ಲಿ ಮಾದರಿ ತೆಗೆದು ಪಿಎಚ್ ಅಳೆದು ಬರೆದಿಡುವ ಅಭ್ಯಾಸ ಪ್ರಯೋಗಾಲಯದಲ್ಲಿ ಬರುತ್ತದೆ. ಇದು ರಸಾಯನಶಾಸ್ತ್ರ. ಬೂಸಲು ಏಕೆ ಬಂತೆಂದು ಹುಡುಕುವುದು ಸೂಕ್ಷ್ಮಜೀವಶಾಸ್ತ್ರ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಕಾಣದ ನಮ್ಮ ಊರುಗಳಲ್ಲಿ ಒಣಗಿಸುವ ಯಂತ್ರಕ್ಕೆ ಎಷ್ಟು ಸೌದೆ ಅಥವಾ ವಿದ್ಯುತ್ ಬೇಕು, ಅದು ಒಂದು ಕಿಲೋ ಹಪ್ಪಳದ ಬೆಲೆಯನ್ನು ಎಷ್ಟು ಏರಿಸುತ್ತದೆ ಎಂದು ಹೇಳಲು ಭೌತಶಾಸ್ತ್ರ ಸ್ವಲ್ಪ ಬೇಕು, ಲೆಕ್ಕಶಾಸ್ತ್ರ ಬಹಳ ಬೇಕು. ಚೀಟಿಯ ಮೇಲೆ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಂಖ್ಯೆ ಇವೆಲ್ಲ ತಪ್ಪಿಲ್ಲದೆ ಇರಬೇಕು. ಅದಕ್ಕೆ ಕಾನೂನಿನ ತಿಳಿವಳಿಕೆಯೂ ಸರಿಯಾಗಿ ಬರೆಯುವ ಭಾಷೆಯೂ ಬೇಕು.

ಸಾಮಾನ್ಯ ಶಿಕ್ಷಣದ 24 ಕ್ರೆಡಿಟ್ ಇರುವುದು ಇದಕ್ಕಾಗಿಯೇ. ಕೈಕೆಲಸ ಬಲ್ಲವರು ಮಲೆನಾಡಿನಲ್ಲಿ ಎಂದೂ ಕಡಿಮೆ ಇರಲಿಲ್ಲ. ಸಾಗರ, ಸೊರಬದ ಗುಡಿಗಾರರ ಕೆತ್ತನೆಯನ್ನು ನೋಡಿದವರಿಗೆ ಅದನ್ನು ಹೇಳಬೇಕಿಲ್ಲ. ಮಾಡಿದ ಕೆಲಸಕ್ಕೆ ತಾನೇ ಬೆಲೆ ಕಟ್ಟುವುದು, ಸಾಲ ಕೇಳುವಾಗ ಬ್ಯಾಂಕಿಗೆ ಒಪ್ಪುವಂಥ ವರದಿ ಬರೆಯುವುದು, ಜಿಎಸ್‌ಟಿ ಲೆಕ್ಕ ಇಡುವುದು ಬಾರದಿದ್ದರೆ ಆ ಕೈಗಳು ಇನ್ನೊಬ್ಬರ ಕೂಲಿಯಲ್ಲೇ ಉಳಿಯುತ್ತವೆ. ನಿಮ್ಮ ಮಗಳು ವಾಣಿಜ್ಯ ಓದಿದ್ದಾಳೆ, ಅರ್ಧ ದಾರಿ ಆಗಲೇ ಬಂದಿದ್ದಾಳೆ. ವಿಜ್ಞಾನ ಓದಿಲ್ಲವೆಂದು ಹಿಂಜರಿಯಬೇಕಿಲ್ಲ, ಆದರೆ ಆಯಾ ಕೋರ್ಸಿಗೆ ಪಿಯುಸಿಯಲ್ಲಿ ಯಾವ ವಿಷಯ ಇರಬೇಕು ಎಂಬುದನ್ನು ಪ್ರವೇಶ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಪ್ರವಾಸೋದ್ಯಮ ಮತ್ತು ಆತಿಥ್ಯ, ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್, ಲೆಕ್ಕಪತ್ರ ಮತ್ತು ತೆರಿಗೆ, ಚಿಲ್ಲರೆ ವ್ಯಾಪಾರ ನಿರ್ವಹಣೆ ಇಂಥ ಕಾಲೇಜುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುವ ವಿಷಯಗಳು. ಜೋಗ, ಕೊಡಚಾದ್ರಿ, ಸಕ್ರೆಬೈಲಿನ ಆನೆ ಬಿಡಾರ, ಆಗುಂಬೆ ಹತ್ತಿರ ಇರುವಾಗ ಪ್ರವಾಸೋದ್ಯಮ ಒಳ್ಳೆಯ ಆಯ್ಕೆಯೇ. ಮನೆಯನ್ನು ಹೋಂಸ್ಟೇ ಮಾಡುವ ಯೋಚನೆ ಇದ್ದರೆ ಇನ್ನೂ ಒಳ್ಳೆಯದು. ವಿದ್ಯುತ್ ಅಥವಾ ಯಂತ್ರದ ಕೆಲಸ ಕಲಿಯುವ ಮನಸ್ಸಿದ್ದರೆ ಐಟಿಐ ಅಥವಾ ಪಾಲಿಟೆಕ್ನಿಕ್ ಹೆಚ್ಚು ಗಟ್ಟಿ ದಾರಿ: ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಲು ಅವಕಾಶವಿದೆ.

ವೈದ್ಯಕೀಯ ಪ್ರಯೋಗಾಲಯ, ಎಕ್ಸ್‌ರೇ, ಡಯಾಲಿಸಿಸ್ ಕೋರ್ಸುಗಳ ವಿಚಾರದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ರಾಜ್ಯದಲ್ಲಿ ಇಂಥ ಡಿಪ್ಲೊಮಾಗಳಿಗೆ ಪ್ಯಾರಾಮೆಡಿಕಲ್ ಮಂಡಳಿ ಇದೆ, ದೇಶಮಟ್ಟದಲ್ಲಿ ಈ ವೃತ್ತಿಗಳಿಗಾಗಿಯೇ 2021ರಲ್ಲಿ ಕಾಯ್ದೆ ಬಂದಿದೆ. ಮಾನ್ಯತೆ ಇಲ್ಲದ ಕಡೆ ಓದಿದರೆ ಕೆಲಸ ಕಲಿತಿದ್ದರೂ ಆಸ್ಪತ್ರೆ ಸೇರಿಸಿಕೊಳ್ಳಲಾರದು. ರೋಗಿಯ ರಕ್ತದ ವರದಿ ಕೊಡುವ ಕೈಗೆ ಸರಿಯಾದ ಕಲಿಕೆ ಇರಲೇಬೇಕು, ಇಲ್ಲಿ ರಿಯಾಯಿತಿ ಕೇಳುವುದೂ ತಪ್ಪು.

ಸಮುದಾಯ ಕಾಲೇಜಿನ ಹೊರಗೂ ನಮ್ಮ ಜಿಲ್ಲೆಯವರಿಗೆ ದಾರಿಗಳಿವೆ. ತೋಟದ ಕೆಲಸದಲ್ಲಿ ಆಸಕ್ತಿ ಇರುವ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳು ಎಸ್‌ಎಸ್‌ಎಲ್‌ಸಿ ನಂತರ ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ನಡೆಸುತ್ತವೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಕನ್ನಡದಲ್ಲೇ ರಂಗಕಲೆ ಕಲಿಸುತ್ತಿದೆ, ಅದೂ ಒಂದು ವರ್ಷದ ಡಿಪ್ಲೊಮಾ. ನಾಟಕ ಕಲಿತು ಹೊಟ್ಟೆ ತುಂಬುವುದೇ ಎಂದು ಕೇಳುವ ಪೋಷಕರಿಗೆ ಬೆಳಕು, ಧ್ವನಿ, ರಂಗಸಜ್ಜಿಕೆಯೂ ಕಲಿಯಬೇಕಾದ ಕೆಲಸಗಳೇ ಎಂದು ಹೇಳಬಯಸುತ್ತೇನೆ. ಇನ್ನು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿಯೊಂದಿಗೆ ಉಚಿತವಾಗಿ ಕೊಡುವ ತರಬೇತಿ ನಿಜಕ್ಕೂ ಉಪಯುಕ್ತ, ಆದರೆ ಅದು ಪದವಿಯ ಲೆಕ್ಕಕ್ಕೆ ಬರುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸರ್ಕಾರಿ ಪರೀಕ್ಷೆಗಳಲ್ಲಿ "ಯಾವುದಾದರೂ ಪದವಿ" ಎಂದು ಕೇಳಿರುವ ಕಡೆ ಬಿ.ವೋಕ್. ಪದವಿಯನ್ನು ಪರಿಗಣಿಸಬೇಕೆಂದು ಅನುದಾನ ಆಯೋಗ ಹೇಳಿದೆ. ಒಂದು ವರ್ಷದ ಡಿಪ್ಲೊಮಾಕ್ಕೆ ಆ ಅರ್ಹತೆ ಇಲ್ಲ. ಹೀಗಾಗಿ ಬರೀ ಡಿಪ್ಲೊಮಾಕ್ಕೆ ಸೇರಿಸಿ ಪದವಿಯನ್ನು ಕೈಬಿಡುವುದು ನನಗೆ ಸರಿ ಕಾಣುವುದಿಲ್ಲ. ನಿಮಗೊಂದು ಒಳ್ಳೆಯ ದಾರಿ ಇದೆ. 2022ರಿಂದ ಒಂದೇ ಅವಧಿಯಲ್ಲಿ ಎರಡು ಕೋರ್ಸು ಓದಲು ಆಯೋಗ ಅನುಮತಿ ಕೊಟ್ಟಿದೆ, ಒಂದು ತರಗತಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಶಿವಮೊಗ್ಗದಲ್ಲಿ ಪ್ರಾದೇಶಿಕ ಕೇಂದ್ರವಿದೆ. ಅಲ್ಲಿ ಬಿ.ಕಾಂ.ಗೆ ನೋಂದಾಯಿಸಿ, ಕಾಲೇಜಿಗೆ ಹೋಗಿ ಆಹಾರ ಸಂಸ್ಕರಣೆಯದೋ ಪ್ರವಾಸೋದ್ಯಮದ್ದೋ ಡಿಪ್ಲೊಮಾ ಓದಿದರೆ ಎರಡೂ ಕೈಸೇರುತ್ತವೆ. ಎರಡೂ ಕಡೆಯ ಪರೀಕ್ಷೆ ಒಂದೇ ವಾರಕ್ಕೆ ಬೀಳುವುದೇ ಎಂದು ಮೊದಲೇ ವಿಚಾರಿಸಿ. ಮೂರು ವರ್ಷ ನಿರಂತರ ಹೋಗಿಬರಲು ಸಾಧ್ಯವಿದ್ದರೆ ನೇರ ಬಿ.ವೋಕ್. ಆಗಬಹುದು. ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೆ ಮೊದಲ ವರ್ಷಕ್ಕೆ ಡಿಪ್ಲೊಮಾ, ಎರಡನೆಯದಕ್ಕೆ ಅಡ್ವಾನ್ಸ್‌ಡ್ ಡಿಪ್ಲೊಮಾ ಸಿಗುವ ವ್ಯವಸ್ಥೆ ಅದರಲ್ಲಿದೆ. ಮನೆಯ ತೊಂದರೆಗೆ ಓದು ಬಿಡುವ ಹೆಣ್ಣುಮಕ್ಕಳು ಬರಿಗೈಯಲ್ಲಿ ಮರಳದಂತೆ ಮಾಡಿದ ಈ ಏರ್ಪಾಡನ್ನು ನಾನು ಬಹಳ ಮೆಚ್ಚುತ್ತೇನೆ.

ಶುಲ್ಕ ಕಟ್ಟುವ ಮೊದಲು ಕಾಲೇಜಿನ ಪ್ರಾಂಶುಪಾಲರನ್ನು ಕಂಡು, ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ ಎಂದು ಕೇಳಿ, ಅನುಮೋದನೆಯ ಪತ್ರ ತೋರಿಸಲು ಹೇಳಿ. ಇದರಲ್ಲಿ ಸಂಕೋಚವೇನೂ ಬೇಡ, ತೋರಿಸುವುದು ಅವರ ಹೊಣೆ. ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ, ವಿದ್ಯಾರ್ಥಿಗಳ ಕ್ರೆಡಿಟ್ ಕೂಡಿಡುವ ಆನ್‌ಲೈನ್ ಖಾತೆಯಲ್ಲಿ ಮಗಳ ಹೆಸರಿಗೆ ಜಮೆಯಾಗುತ್ತವೆಯೇ, ಡಿಪ್ಲೊಮಾ ಆದವರನ್ನು ಬಿ.ವೋಕ್. ಎರಡನೇ ವರ್ಷಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನೂ ಕೇಳಿ. ಕೌಶಲದ ಭಾಗವನ್ನು ಎಲ್ಲಿ ಕಲಿಸುತ್ತಾರೆ ಎಂದು ಕೇಳಿದಾಗ ಒಂದು ಘಟಕದ, ಹೋಟೆಲಿನ ಅಥವಾ ಸಂಸ್ಥೆಯ ಹೆಸರು ಬರಬೇಕು. "ಎಲ್ಲ ಇಲ್ಲೇ ತರಗತಿಯಲ್ಲಿ" ಎಂಬ ಉತ್ತರ ಬಂದರೆ ಬೇರೆ ಕಾಲೇಜು ನೋಡಿ. ಹಿಂದಿನ ವರ್ಷ ಮುಗಿಸಿದ ಇಬ್ಬರು ವಿದ್ಯಾರ್ಥಿನಿಯರೊಂದಿಗೆ ಮಗಳು ತಾನೇ ಮಾತಾಡಿದರೆ ಇನ್ನೂ ಒಳ್ಳೆಯದು.

ಒಂದು ವರ್ಷ ಬಿಟ್ಟುಹೋಯಿತೆಂಬ ಚಿಂತೆ ಬೇಡ, ಸಮುದಾಯ ಕಾಲೇಜಿನ ಕೋರ್ಸಿಗೆ ವಯಸ್ಸಿನ ಮಿತಿ ಇಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕಾದ್ದರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಬಸ್ಸಿನ ಖರ್ಚನ್ನೂ ಲೆಕ್ಕ ಹಾಕಿ. 2023ರ ಜೂನ್‌ನಿಂದ ಮಹಿಳೆಯರಿಗೆ ಇರುವ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಹೊಸನಗರ, ತೀರ್ಥಹಳ್ಳಿ ಕಡೆಯ ಹಲವು ದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಸಂಜೆ ಪ್ರಯೋಗಾಲಯ ಮುಗಿಯುವ ಹೊತ್ತಿಗೆ ಊರಿಗೆ ಕೊನೆಯ ಬಸ್ಸು ಸಿಗದಿದ್ದರೆ ಹಾಸ್ಟೆಲ್ ಬೇಕಾಗುತ್ತದೆ. ಹಾಸ್ಟೆಲ್ ಅರ್ಜಿ ಪ್ರವೇಶದ ಅರ್ಜಿಗಿಂತ ಬೇರೆ, ಅದರ ಕೊನೆಯ ದಿನಾಂಕವೂ ಬೇರೆ. ಎರಡನ್ನೂ ಒಂದೇ ದಿನ ವಿಚಾರಿಸಿಕೊಂಡು ಬನ್ನಿ.